ಸಂಜೆ ಹೊತ್ತು ಕಂಪ್ಯೂಟರ್ ತಾನಾಗಿಯೇ ರೀಸ್ಟಾರ್ಟ್ ಆಗುತ್ತಿದೆ. ವಿಂಡೋಸ್ ಎರಡು ಸಲ ಹಾಕಿಸಿದರೂ ಸರಿಹೋಗಿಲ್ಲ

ಪ್ರಶ್ನೆ (ಮಂಡ್ಯ)

ನಮಸ್ಕಾರ. ನಮ್ಮ ಮನೆ ಮಂಡ್ಯದ ಹತ್ತಿರದ ಹಳ್ಳಿಯಲ್ಲಿದೆ. ಮಗಳ ಓದಿಗೆಂದು ಇಟ್ಟುಕೊಂಡಿರುವ ಆರು ವರ್ಷ ಹಳೆಯ ಡೆಸ್ಕ್‌ಟಾಪ್ ಎರಡು ತಿಂಗಳಿಂದ ವಾರಕ್ಕೆ ಮೂರು ನಾಲ್ಕು ಸಲ ಇದ್ದಕ್ಕಿದ್ದಂತೆ ಆಫ್ ಆಗಿ ತಾನೇ ಆನ್ ಆಗುತ್ತಿದೆ. ರಿಪೇರಿಯವರು ಎರಡು ಸಲ ವಿಂಡೋಸ್ ಹಾಕಿಕೊಟ್ಟು, ಈಗ ಮದರ್‌ಬೋರ್ಡ್ ಬದಲಿಸಬೇಕೆನ್ನುತ್ತಿದ್ದಾರೆ. ವಿಂಡೋಸ್ ತನ್ನ ಆಗುಹೋಗುಗಳನ್ನು ಬರೆದಿಡುವ ಈವೆಂಟ್ ವ್ಯೂವರ್‌ನಲ್ಲಿ ಪ್ರತಿ ಸಲವೂ ‘ಕರ್ನಲ್-ಪವರ್ 41’ ಎಂದು ಬಂದಿದೆ. ಅಷ್ಟು ಹಣ ಹಾಕುವ ಮೊದಲು ತಿಳಿದವರು ದಾರಿ ತೋರಿಸಬೇಕು.

ಉತ್ತರ (ಮೈಸೂರು)

ಸರ್, ಮದರ್‌ಬೋರ್ಡ್ ವಿಚಾರವನ್ನು ದಯವಿಟ್ಟು ಸದ್ಯಕ್ಕೆ ತಡೆಹಿಡಿಯಿರಿ. 41 ಎಂಬುದು ಕಾರಣವಲ್ಲ. ಹಿಂದಿನ ಸಲ ಸರಿಯಾಗಿ ಶಟ್‌ಡೌನ್ ಆಗಿರಲಿಲ್ಲ ಎಂದು ವಿಂಡೋಸ್ ಮತ್ತೆ ಎದ್ದ ಮೇಲೆ ಬರೆದಿಡುವ ಟಿಪ್ಪಣಿ ಅಷ್ಟೆ. ಅದೇ ನಮೂದಿನ ‘ಡೀಟೇಲ್ಸ್’ ಪುಟದಲ್ಲಿ ‘ಬಗ್‌ಚೆಕ್‌ಕೋಡ್’ ಎದುರಿಗೆ ಏನಿದೆ ನೋಡಿ. ಸೊನ್ನೆಯಲ್ಲದ ಸಂಖ್ಯೆಯಿದ್ದರೆ ವಿಂಡೋಸ್ ದೋಷದಿಂದ ನಿಂತಾಗ ತೋರಿಸುವ ನೀಲಿ ಪರದೆ ಬಂದು ಹೋಗಿದೆ, ಡ್ರೈವರ್ ಅಥವಾ ರ‍್ಯಾಮ್ ಕಡೆ ಹುಡುಕಬೇಕು. ಸೊನ್ನೆಯಿದ್ದರೆ ದೋಷವನ್ನು ದಾಖಲಿಸಲೂ ವಿಂಡೋಸ್‌ಗೆ ಅವಕಾಶ ಸಿಕ್ಕಿಲ್ಲ: ಹೆಚ್ಚಾಗಿ ಕರೆಂಟ್ ಕಡಿದಿರುತ್ತದೆ, ಇಲ್ಲವೆ ಪ್ರೊಸೆಸರ್ ವಿಪರೀತ ಕಾದಿರುತ್ತದೆ. ಆಫ್ ಆದ ಗಂಟೆ-ನಿಮಿಷಗಳನ್ನೂ ತಪ್ಪದೆ ತಿಳಿಸಿ.

ಪ್ರಶ್ನೆ ಕೇಳಿದವರು

ಒಂಬತ್ತು ನಮೂದುಗಳಲ್ಲೂ ಸೊನ್ನೆಯೇ ಇದೆ. ಪ್ರೊಸೆಸರ್ ತಣಿಸುವ ಹೀಟ್‌ಸಿಂಕ್ ಬಿಚ್ಚಿದಾಗ ಪಕ್ಕದ ಆಲೆಮನೆಯ ಮಸಿಯೂ ದೂಳೂ ಸೇರಿ ಕಂಬಳಿಯ ತುಂಡಿನಂತೆ ಕೂತಿತ್ತು. ತೆಗೆದ ಮೇಲೆ ಬಿಸಿ 58 ಡಿಗ್ರಿ ದಾಟುತ್ತಿಲ್ಲ, ಆದರೂ ನಿನ್ನೆ ಮತ್ತೆ ಆಫ್ ಆಯಿತು. ಸಮಯಗಳನ್ನು ಸಾಲಾಗಿ ಬರೆದು ನೋಡಿದರೆ ಎಲ್ಲವೂ ಪಂಪ್‌ಸೆಟ್‌ಗಳಿಗೆ ತ್ರೀ ಫೇಸ್ ಕೊಡುವ ಹೊತ್ತೇ ಆಗಿವೆ. ಮನೆಯಲ್ಲಿ ಇನ್ವರ್ಟರ್ ಇರುವುದರಿಂದ ನಾನು ಕರೆಂಟಿನ ಮೇಲೆ ಅನುಮಾನಪಟ್ಟಿರಲೇ ಇಲ್ಲ.

ಉತ್ತರ (ಮೈಸೂರು)

ನೀವು ಸಮಯ ಬರೆದು ನೋಡಿದ್ದರಿಂದಲೇ ಕೆಲಸ ಅರ್ಧವಾಯಿತು. ಇನ್ವರ್ಟರ್‌ನಲ್ಲಿ ‘ಇಕೊ’ ಮತ್ತು ‘ಯುಪಿಎಸ್’ ಎಂಬ ಎರಡು ಸ್ಥಿತಿಗಳ ಸ್ವಿಚ್ ಇದೆಯೇ ನೋಡಿ. ಇಕೊದಲ್ಲಿದ್ದರೆ ವೋಲ್ಟೇಜ್ ಸುಮಾರು 100ಕ್ಕೆ ಇಳಿಯುವವರೆಗೂ ಲೈನಿನ ಕರೆಂಟನ್ನೇ ಹಾಗೆಯೇ ಒಳಗೆ ಬಿಡುತ್ತದೆ, ಬ್ಯಾಟರಿಗೆ ಬದಲಾಗುವುದೂ ನಿಧಾನ. ಯುಪಿಎಸ್‌ನಲ್ಲಿ ಸುಮಾರು 180ಕ್ಕೇ ಬ್ಯಾಟರಿಗೆ ಹೋಗುತ್ತದೆ, ಅದೂ ಬೇಗ. ಕಂಪ್ಯೂಟರಿನ ಎಸ್‌ಎಂಪಿಎಸ್ (ಒಳಗಿನ ಭಾಗಗಳಿಗೆ ಕರೆಂಟ್ ಒದಗಿಸುವ ಪೆಟ್ಟಿಗೆ) ಕರೆಂಟಿಲ್ಲದೆ ತಾಳಿಕೊಳ್ಳುವುದು ಹೆಚ್ಚುಕಡಿಮೆ 16 ಮಿಲಿಸೆಕೆಂಡ್ ಮಾತ್ರ, ಒಳಗೆ ವಿದ್ಯುತ್ ಹಿಡಿದಿಡುವ ಕೆಪಾಸಿಟರ್ ಹಳತಾದಷ್ಟೂ ಅದು ಕುಗ್ಗುತ್ತದೆ. ಹಾಗೆಂದು ಎಸ್‌ಎಂಪಿಎಸ್ಸನ್ನು ಮಾತ್ರ ಬಿಚ್ಚಬೇಡಿ; ಪ್ಲಗ್ ತೆಗೆದ ಮೇಲೂ ಆ ಕೆಪಾಸಿಟರ್‌ನಲ್ಲಿ 300 ವೋಲ್ಟ್‌ಗೂ ಮೀರಿ ಉಳಿದಿರಬಹುದು. ಮೊದಲು ಆ ಹೊತ್ತಿನಲ್ಲಿ ಎಲೆಕ್ಟ್ರಿಷಿಯನ್‌ನಿಂದ ಪ್ಲಗ್‌ನಲ್ಲಿ ವೋಲ್ಟೇಜ್ ಅಳತೆ ಮಾಡಿಸಿ, ಆಮೇಲೆ ಸ್ವಿಚ್ ಬದಲಿಸಿ.

ಪ್ರಶ್ನೆ ಕೇಳಿದವರು

ಹಗಲು 224 ಇದ್ದದ್ದು ಮೋಟಾರ್‌ಗಳು ಎದ್ದ ಕೂಡಲೇ 168ಕ್ಕೆ ಇಳಿಯಿತು. ಸ್ವಿಚ್ ಇಕೊದಲ್ಲೇ ಇತ್ತು. ಯುಪಿಎಸ್‌ಗೆ ಹಾಕಿ ಇಂದಿಗೆ ಹದಿನೇಳು ದಿನ, ಒಮ್ಮೆಯೂ ಆಫ್ ಆಗಿಲ್ಲ. ತಮಗೆ ಎಷ್ಟು ಧನ್ಯವಾದ ಹೇಳಿದರೂ ಸಾಲದು. ಆದರೆ ಬ್ಯಾಟರಿ ಬೇಗ ಖಾಲಿಯಾಗುತ್ತಿದೆ.

ಉತ್ತರ (ಮೈಸೂರು)

ಈಗ ದಿನವೂ ಆ ಹೊತ್ತಿನಲ್ಲಿ ಇಡೀ ಮನೆ ಬ್ಯಾಟರಿಯ ಮೇಲೆ ನಡೆಯುತ್ತಿರುವುದರಿಂದ ಅದು ಸಹಜ. ನೀರು ಹಾಕುವ ಬ್ಯಾಟರಿಯಾದರೆ ಡಿಸ್ಟಿಲ್ಡ್ ವಾಟರ್ ಮಟ್ಟ ನೋಡಿಕೊಳ್ಳಿ, ಫ್ಯಾನುಗಳ ಲೋಡನ್ನು ಇನ್ವರ್ಟರ್‌ನಿಂದ ಬೇರೆ ಮಾಡಿಸಿ. ಮುಂದೆ ಮತ್ತೆ ಆಫ್ ಆದರೆ ಎಸ್‌ಎಂಪಿಎಸ್ ಒಂದನ್ನೇ ಬದಲಿಸಿ ನೋಡಿ.