ರಿಲಯಬಲ್ ರೂಟ್: ನಂಬುವ ದಾರಿಯೋ, ನೆಚ್ಚುವ ದಾರಿಯೋ?

ಗೆಳೆಯರೇ,

ಇಂಜಿನಿಯರಿಂಗ್ ಓದುವ ಹುಡುಗರಿಗಾಗಿ ಮೊಬೈಲ್ ಅಡ್‌ಹಾಕ್ ನೆಟ್‌ವರ್ಕ್ ಬಗ್ಗೆ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಟವರ್ ಇಲ್ಲ, ನಡುವೆ ಕೂತು ನಡೆಸುವ ಪೆಟ್ಟಿಗೆ ಇಲ್ಲ; ಓಡಾಡುವ ಸಾಧನಗಳೇ ಒಂದರ ಪ್ಯಾಕೆಟ್ಟನ್ನು (ಮಾಹಿತಿಯ ತುಣುಕನ್ನು) ಇನ್ನೊಂದು ದಾಟಿಸುವ ಜಾಲ ಇದು. ರೂಟ್‌ಗೆ ‘ದಾರಿ’ ಸಾಕು; ಒಂದು ಸಾಧನದಿಂದ ಪಕ್ಕದ್ದಕ್ಕೆ ನೆಗೆಯುವ ಹಾಪ್ ಹಾಪೇ ಇರಲಿ. ‘ನೋಡ್’ ಅಂತ ಬರೆದರೆ ಯಾರೋ ‘ನೋಡು’ ಅಂದ ಹಾಗಾಗುತ್ತದೆ, ಅದಕ್ಕೇ ‘ಸಾಧನ’ ಅಂದೆ. ತೊಡಕಿರುವುದು ರಿಲಯಬಿಲಿಟಿಯಲ್ಲಿ, ಅಂದರೆ ಕಳಿಸಿದ್ದನ್ನು ದಾರಿ ಎಷ್ಟು ಖಾತ್ರಿಯಾಗಿ ಮುಟ್ಟಿಸುತ್ತದೆ ಅನ್ನುವುದರಲ್ಲಿ.

ರೂಢಿಯ ಪದ ‘ವಿಶ್ವಾಸಾರ್ಹತೆ’. ಆದರೆ ಈ ವಿಷಯದಲ್ಲಿ ಟ್ರಸ್ಟ್ (ಸಾಧನ ಪ್ರಾಮಾಣಿಕವೋ ಅಲ್ಲವೋ) ಅನ್ನುವುದು ಬೇರೆಯೇ ಇದೆ, ಅದಕ್ಕೂ ಇದನ್ನೇ ಬಳಸುತ್ತಾರೆ. ಎರಡೂ ಒಂದೇ ಪ್ಯಾರಾದಲ್ಲಿ ಬಂದರೆ ಓದುವವರ ಗತಿ?

ಎಒಡಿವಿ ಅನ್ನುವ, ಇಂಥ ಜಾಲದಲ್ಲಿ ದಾರಿ ಹುಡುಕುವ ಪ್ರೋಟೋಕಾಲ್ (ನಿಯಮಗಳ ಕಟ್ಟು) ತಗೊಳ್ಳಿ; ಅದನ್ನು ವಿವರಿಸುವ ದಾಖಲೆ 2003ರ ಆರ್‌ಎಫ್‌ಸಿ 3561. ಪಕ್ಕದ ಸಾಧನ ಇನ್ನೂ ಇದೆಯಾ ಅಂತ ತಿಳಿಯಲು ಇದರಲ್ಲಿ ‘ಹಲೋ’ ಸಂದೇಶವಿದೆ. ಬೇರೇನೂ ಹೇಳದಿದ್ದರೆ ಸೆಕೆಂಡಿಗೊಂದು. 2 ಸೆಕೆಂಡು ಸದ್ದೇ ಇಲ್ಲದಿದ್ದರೆ ಕೊಂಡಿ ಕಡಿದಿದೆ ಅಂತ ಲೆಕ್ಕ. ಎಡವಟ್ಟಾಗುವುದು ಇಲ್ಲೇ. ವೈ-ಫೈ ರೇಡಿಯೋದಲ್ಲಿ ಹಲೋ ಪುಟ್ಟ ಪ್ಯಾಕೆಟ್, ಎಲ್ಲರಿಗೂ ಸಾರುವಂಥದ್ದು. ಕಡಿಮೆ ವೇಗದಲ್ಲಿ ಹೋಗುತ್ತದೆ, ದೂರ ಮುಟ್ಟುತ್ತದೆ. ಡೇಟಾ ಪ್ಯಾಕೆಟ್ ದೊಡ್ಡದು, ವೇಗವೂ ಜಾಸ್ತಿ, ಅಷ್ಟು ದೂರ ಮುಟ್ಟುವುದಿಲ್ಲ. ಗದ್ದೆಯ ಆಚೆ ಬದುವಿನಿಂದ ಕೂಗಿದ್ದು ಕೇಳಿಸುತ್ತದೆ, ಹೇಳಿದ್ದೇನು ಅಂತ ತಿಳಿಯುವುದಿಲ್ಲ, ಹಾಗೆ. ಎಒಡಿವಿಗೋ ಕಡಿಮೆ ಹಾಪ್‌ಗಳ ದಾರಿಯೇ ಬೇಕು. ಹೋಗಿ ಹೋಗಿ ಇಂಥ ಉದ್ದದ ಕೊಂಡಿಯನ್ನೇ ಹಿಡಿಯುತ್ತದೆ.

ಇದಕ್ಕೊಂದು ಮದ್ದನ್ನು ಎಂಐಟಿಯ ಸಂಶೋಧಕರು 2003ರಲ್ಲೇ ಕೊಟ್ಟರು, ಹೆಸರು ಇಟಿಎಕ್ಸ್. ಪ್ಯಾಕೆಟ್ ದಾಟಿಸಲು ಸರಾಸರಿ ಎಷ್ಟು ಸಲ ಕಳಿಸಬೇಕಾಗುತ್ತದೆ ಅನ್ನುವ ಲೆಕ್ಕ ಅದು. ಹೋದ ಪ್ಯಾಕೆಟ್ ನೂರಕ್ಕೆ 50, ‘ಮುಟ್ಟಿತು’ ಅಂತ ವಾಪಸು ಬರುವ ರಸೀತಿ ನೂರಕ್ಕೆ 60 ಮುಟ್ಟಿದರೆ ಆ ಒಂದೇ ಹಾಪ್‌ಗೆ 3.3 ಸಲ. ನಡುವೆ ಇನ್ನೊಂದು ಸಾಧನ ಸಿಕ್ಕಿ, ಎರಡೂ ಹಾಪ್‌ಗಳಲ್ಲಿ ಹೋಗುವಾಗಲೂ ಬರುವಾಗಲೂ ನೂರಕ್ಕೆ 90 ಮುಟ್ಟುವಂತಿದ್ದರೆ ಒಟ್ಟು 2.5ರ ಹತ್ತಿರ. ಬಳಸು ದಾರಿಯೇ ವಾಸಿ. (ಸಾಧನಗಳು ಜೋರಾಗಿ ಓಡಾಡುತ್ತಿದ್ದರೆ ಈ ಲೆಕ್ಕವೂ ಹಿಂದೆ ಬೀಳುತ್ತದೆ, ಅದು ಬೇರೆ ಮಾತು.)

ಇಷ್ಟರಲ್ಲಿ ಯಾರೂ ಸುಳ್ಳು ಹೇಳಿಲ್ಲ, ಅಲ್ವಾ? ಬ್ಲ್ಯಾಕ್‌ಹೋಲ್ ದಾಳಿಯಲ್ಲಿ ಹಾಗಲ್ಲ. ದೊಡ್ಡ ಸೀಕ್ವೆನ್ಸ್ ನಂಬರ್ (ದಾರಿಯ ಸುದ್ದಿ ಎಷ್ಟು ಹೊಸದು ಅನ್ನುವ ಸಂಖ್ಯೆ) ತೋರಿಸಿ ‘ನನ್ನ ಹತ್ತಿರ ಹೊಚ್ಚ ಹೊಸ ದಾರಿ ಇದೆ’ ಅನ್ನುವ ಸಾಧನ, ಬಂದ ಪ್ಯಾಕೆಟ್ಟನ್ನೆಲ್ಲ ಸುಮ್ನೆ ನುಂಗಿ ಹಾಕುತ್ತದೆ. ಕೊಂಡಿ ಗಟ್ಟಿ, ಸಾಧನ ಕಳ್ಳ. ರಸೀತಿ ಸರಿಯಾಗಿ ಬರುತ್ತಲೇ ಇರುವುದರಿಂದ ಇಟಿಎಕ್ಸ್‌ಗೆ ಇದು ಗೊತ್ತೇ ಆಗುವುದಿಲ್ಲ.

ಹಾಗಾಗಿ ಟ್ರಸ್ಟ್‌ಗೆ ‘ನಂಬಿಕೆ’ ಇಟ್ಟುಕೊಂಡೆ; ‘ನಂಬಿಕಸ್ಥ ಸಾಧನ’ ಚೆನ್ನಾಗಿಯೇ ಕೂರುತ್ತದೆ. ರಿಲಯಬಿಲಿಟಿಗೆ ‘ನೆಚ್ಚಿಕೆ’ ಹೇಗೆ? ‘ಮಳೆ ನೆಚ್ಚಿಕೊಂಡು ಬಿತ್ತಿದರು’ ಅನ್ನುತ್ತೇವೆ. ಮಳೆ ಪ್ರಾಮಾಣಿಕವೋ ಅಲ್ಲವೋ ಅಂತ ಯಾರೂ ಕೇಳುವುದಿಲ್ಲ, ಬರುತ್ತದೋ ಇಲ್ಲವೋ ಅಷ್ಟೇ. ನನಗೆ ಬೇಕಾದ ಅರ್ಥ ಅದೇ.

ಅಡ್ಡಿ ‘ನೆಚ್ಚಿನ’ ಅನ್ನುವ ರೂಪದ್ದು. ನೆಚ್ಚಿನ ನಟ, ನೆಚ್ಚಿನ ತಿಂಡಿ ಅಂತ ಹೇಳಿ ಹೇಳಿ ಅದೀಗ ‘ಇಷ್ಟದ’ ಅಂತಲೇ ಆಗಿದೆ. ‘ನೆಚ್ಚಿನ ದಾರಿ’ ಅಂದರೆ ಸಂಜೆ ವಾಕಿಂಗ್ ಹೋಗುವ ದಾರಿ ಅಂದುಕೊಂಡಾರು. ‘ನೆಚ್ಚಬಹುದಾದ ದಾರಿ’ ಸರಿ, ಆದರೆ ಪುಟಕ್ಕೆ ಹತ್ತು ಸಲ ಬರೆಯಲು ಉದ್ದ. ‘ಬಾಳಿಕೆ’ಯನ್ನೂ ನೋಡಿದೆ. ದಾರಿ ಎಷ್ಟು ಹೊತ್ತು ಕಡಿಯದೆ ಉಳಿಯುತ್ತದೆ ಅನ್ನಲು ಅದು ಸೊಗಸಾಗಿದೆ. ಆದರೆ ಬಹಳ ಹೊತ್ತು ಬಾಳುವ ದಾರಿಯೂ ಅರ್ಧಕ್ಕರ್ಧ ಪ್ಯಾಕೆಟ್ ಕಳೆಯಬಹುದು.

‘ದಾರಿಯ ನೆಚ್ಚಿಕೆ ಹೆಚ್ಚಿಸುವ ಬಗೆ’ ಅಂತ ತಲೆಬರಹ ಕಂಡರೆ ನಿಮಗೆ ಥಟ್ಟನೆ ಏನು ಹೊಳೆಯುತ್ತದೆ? ಹಳೆಗನ್ನಡ ಬಲ್ಲವರಿಗೆ ಇನ್ನೊಂದು ಪ್ರಶ್ನೆ: ಹಿಂದಿನ ‘ನಚ್ಚು’ವಿನಲ್ಲಿ ಮನುಷ್ಯರ ಮೇಲಿನ ನಂಬಿಕೆಯೂ ಸೇರಿತ್ತಲ್ಲ, ಹೀಗೆ ಎರಡನ್ನೂ ಬೇರೆ ಮಾಡಿದರೆ ನಿಮ್ಮ ಕಿವಿ ಒಪ್ಪುತ್ತದಾ?