ಸಹಾಯ ಬೇಕು: ಮಂಗನ ಕಾಯಿಲೆ ರಿಸ್ಕ್ ಮ್ಯಾಪಲ್ಲಿ ಟೆಸ್ಟೇ ಆಗದ ಊರುಗಳನ್ನ ಏನ್ ಮಾಡೋದು?

ಎಲ್ಲರಿಗೂ ನಮಸ್ಕಾರ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಲ್ಲಿ ಪತ್ತೆಯಾದ ಮಂಗನ ಕಾಯಿಲೆಗೆ ಎಐ ಮಾಡೆಲ್ ಮಾಡ್ತಿದೀನಿ, ಯಾವ ಊರಿಗೆ ರಿಸ್ಕ್ ಜಾಸ್ತಿ ಅಂತ ಮೊದಲೇ ಹೇಳೋಕೆ. ತೊಂದರೆ ಏನಂದ್ರೆ ಆಸ್ಪತ್ರೆ ಹತ್ರದ ಊರಲ್ಲಿ ರಕ್ತ ಟೆಸ್ಟ್ ಆಗತ್ತೆ, ಕೇಸ್ ದಾಖಲಾಗತ್ತೆ, ಮಾಡೆಲ್ ಅಲ್ಲೇ ಕೆಂಪು ತೋರ್ಸತ್ತೆ, ಬಸ್ಸೇ ಹೋಗದ ಕಾಡಂಚಿನ ಮನೆಗಳು ಹಸಿರಾಗೇ ಉಳೀತವೆ. ಆದ್ರೆ ನಮ್ಮಜ್ಜಿ ಊರಲ್ಲಿ ಬೇಸಿಗೇಲಿ ಹೆಂಗಸರು ಕಾಡಿಂದ ದರಗು (ಒಣ ಎಲೆ) ಗುಡಿಸಿ ತಲೆ ಮೇಲೆ ಹೊತ್ಕೊಂಡ್ ಬರ್ತಾರೆ, ಸೆರಗಲ್ಲಿ ಈ ಕಾಯಿಲೆ ಹರಡೋ ಉಣುಗು (ಉಣ್ಣೆ ಹುಳ) ಅಂಟಿರತ್ತೆ, ಜ್ವರ ಬಂದ್ರೂ ಕೂಲಿ ಬಿಟ್ಟು ಆಸ್ಪತ್ರೆಗೆ ಹೋಗೋಕಾಗಲ್ಲ. ಸೊನ್ನೆ ಕೇಸ್ ಅಂದ್ರೆ ಕಾಯಿಲೆ ಇಲ್ಲ ಅಂತಲ್ವಲ್ಲ!

ಎಷ್ಟು ಟೆಸ್ಟ್ ಆಗಿದೆ, ಆಸ್ಪತ್ರೆ ಎಷ್ಟು ದೂರ, ಸತ್ತ ಮಂಗಗಳ ವರದಿ, ಇವನ್ನೆಲ್ಲ ಸೇರಿಸಿ ಮಾಡೆಲ್ ಸರಿ ಮಾಡಿದ ಅನುಭವ ಇರೋರು ದಯವಿಟ್ಟು ದಾರಿ ತೋರ್ಸಿ. ನವೆಂಬರ್‌ಗೆ ಸೀಸನ್ ಶುರು, ಅಷ್ಟರೊಳಗೆ ಆಗ್ಬೇಕು.