ಪದಚರ್ಚೆ: 'ರೈಸ್ ಪೇಪರ್' ಹೂವಿಗೆ 'ಬೆಂಡಿನ ಹೂ' ಅನ್ನಬಹುದೇ?

ಗೆಳೆಯರೆ,

ಅವೆನ್ಯೂ ರಸ್ತೆಯ ಹಳೇ ಪುಸ್ತಕದ ರಾಶಿಯಲ್ಲಿ ಒಂದು ಇಂಗ್ಲಿಷ್ ಕರಕುಶಲ ಪುಸ್ತಕ ಸಿಕ್ಕಿತು. ರಟ್ಟು ಕಿತ್ತುಹೋಗಿದೆ, ಮೊದಲ ಹಾಳೆಗಳೂ ಇಲ್ಲ. ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಅನುಕೂಲಸ್ಥರ ಮನೆಯ ಹೆಂಗಸರು ಬಿಡುವಿನಲ್ಲಿ ಮಾಡುತ್ತಿದ್ದ ಕೆಲಸಗಳೆಲ್ಲ ಅದರಲ್ಲಿವೆ. ಮೇಣದ ಹೂ, ಚಿಪ್ಪು ಅಂಟಿಸಿದ ಪೆಟ್ಟಿಗೆ, ಒಣಗಿಸಿದ ಕಡಲಪಾಚಿಯ ಆಲ್ಬಂ, ಹೀಗೆ. ಒಂದೆರಡು ಅಧ್ಯಾಯ ಕನ್ನಡಕ್ಕೆ ತರೋಣ ಅಂತ ಕೂತೆ. 'ರೈಸ್ ಪೇಪರ್' ಹೂವಿನ ಹತ್ತಿರ ಸಿಕ್ಕಿಹಾಕಿಕೊಂಡೆ.

ಮೊದಲು ಸುಮ್ನೆ 'ಅಕ್ಕಿ ಕಾಗದ' ಎಂದು ಬರೆದುಬಿಟ್ಟಿದ್ದೆ. ಆಮೇಲೆ ಹುಡುಕಿದರೆ, ಅದಕ್ಕೂ ಅಕ್ಕಿಗೂ ಸಂಬಂಧವೇ ಇಲ್ಲ. ತೈವಾನ್ ಮತ್ತು ದಕ್ಷಿಣ ಚೀನಾದ ಒಂದು ಗಿಡದ ಕಾಂಡದೊಳಗೆ ಬೆಳ್ಳಗೆ, ಮೆತ್ತಗೆ ಇರುವ ಭಾಗ ಅದು. ಕಾಂಡವನ್ನು ತುಂಡು ಮಾಡಿ ಕೋಲಿನಿಂದ ಅದನ್ನು ಹೊರಕ್ಕೆ ತಳ್ಳುತ್ತಾರೆ. ಆಮೇಲೆ ಉರುಳಿಸುತ್ತಾ, ಅಗಲವಾದ ಕತ್ತಿಯಿಂದ ಸುತ್ತಲೂ ತೆಳ್ಳಗೆ ಹೆರೆಯುತ್ತಾ ಹೋದರೆ, ಚಾಪೆಯ ಸುರುಳಿ ಬಿಚ್ಚಿದ ಹಾಗೆ ಹಾಳೆ ಬರುತ್ತದೆ. ನಾರು ಕುಟ್ಟಿ, ನೀರಲ್ಲಿ ಕಲಸಿ ಮಾಡಿದ್ದಲ್ಲ. ಹಾಗಾಗಿ ಸರಿಯಾಗಿ ಹೇಳಿದರೆ ಕಾಗದವೂ ಅಲ್ಲ. ಹೆಸರಿನ ಎರಡು ಪದಗಳೂ ಸುಳ್ಳು! 19ನೇ ಶತಮಾನದಲ್ಲಿ ಕ್ಯಾಂಟನ್‌ನ ಕಲಾವಿದರು ಇದರ ಮೇಲೆ ಹೂವು, ಚಿಟ್ಟೆ ಬಿಡಿಸಿ ಯುರೋಪಿನವರಿಗೆ ಮಾರುತ್ತಿದ್ದರು. 1852ರಲ್ಲಿ ಇಂಗ್ಲೆಂಡಿನ ವಿಲಿಯಂ ಹುಕರ್ ಈ ಗಿಡಕ್ಕೆ ಸಸ್ಯಶಾಸ್ತ್ರದ ಹೆಸರು ಕೊಟ್ಟರು. ಆದರೂ ಅಕ್ಕಿ ಬಿಟ್ಟು ಹೋಗಲಿಲ್ಲ.

ಇದನ್ನೆಲ್ಲ ಓದುವಾಗ ನನಗೆ ನೆನಪಾದದ್ದು ಬಾಸಿಂಗದ ಬೆಂಡು. ಉತ್ತರ ಕನ್ನಡ, ಶಿವಮೊಗ್ಗದ ಕಡೆಯ ಗುಡಿಗಾರರು ಗಂಧದ ಕೆತ್ತನೆಯ ಜೊತೆಗೆ ಬೆಂಡಿನ ಕೆಲಸಕ್ಕೂ ಹೆಸರಾದವರು ತಾನೆ? ಗಿಡ ಬೇರೆ, ನಿಜ. ನಮ್ಮದು ಜೌಗಿನಲ್ಲಿ ಬೆಳೆಯುವಂಥದ್ದು, ಬಂಗಾಳದವರು ಶೋಲಾ ಅನ್ನುತ್ತಾರೆ. ಸಾಹೇಬರ ಟೋಪಿಯೂ ಇದರದ್ದೇ. 'ಸೋಲಾ' ಟೋಪಿಯನ್ನು ಎಷ್ಟೋ ಜನ 'ಸೋಲಾರ್' ಮಾಡಿದರು. ಬಿಸಿಲಿಗೆ ಹಾಕುವುದಲ್ವಾ, ಅರ್ಥವೂ ಕೂತುಬಿಟ್ಟಿತು. ಗಿಡ ಯಾವುದಾದರೂ ಒಳಗಿನ ವಸ್ತು ಒಂದೇ ಥರದ್ದು.

'ತಿರುಳು' ಎಂದರೆ ಸಾಲದೇ ಎಂದು ಗೆಳತಿ ಕೇಳಿದಳು. ನನಗೆ ಒಪ್ಪಿಗೆಯಾಗಲಿಲ್ಲ. ಮಾತಿನ ತಿರುಳು, ಹಣ್ಣಿನ ತಿರುಳು ಎನ್ನುವಾಗ ಅದಕ್ಕೊಂದು ತೂಕ ಇದೆ, ರಸ ಇದೆ. ಬೆಂಡು ಇದಕ್ಕೆ ತದ್ವಿರುದ್ಧ. ಬಲಿತ ಮೂಲಂಗಿ ಬೆಂಡಾಗುತ್ತದೆ. ಬಿಸಿಲಲ್ಲಿ ಅಲೆದು ನಾವೂ ಬೆಂಡಾಗುತ್ತೇವೆ. ಗಾಳಕ್ಕೆ ಕಟ್ಟಿದ ಬೆಂಡು ತೇಲುತ್ತದೆ. ಜಾತ್ರೆಯ ಬೆಂಡು ಬತ್ತಾಸಿನ ಬೆಂಡೂ ಇದೇ ಇರಬೇಕು, ಬಾಯಲ್ಲಿಟ್ಟರೆ ಬರೀ ಹಗುರ. ಎಲ್ಲ ಕಡೆಯೂ ಸಾರ ಹೋಗಿ ಹಗುರಾದದ್ದು ಎಂಬ ಭಾವ. ತೆಲುಗಿನಲ್ಲೂ ಬೆಂಡು ಎಂದೇ ಹೇಳುತ್ತಾರೆ. ತಮಿಳಿನವರು ಮಾತ್ರ ನೆಟ್ಟಿ ಅನ್ನುತ್ತಾರೆ.

ಒಂದೇ ತೊಡಕು. ಈಗ ಎಷ್ಟೋ ಬಾಸಿಂಗಗಳು ಥರ್ಮೋಕೋಲಿನವು. 'ಬೆಂಡಿನ ಹೂ' ಎಂದರೆ ಹುಡುಗರು ಅದನ್ನೇ ಅಂದುಕೊಂಡರೆ? ಹಾಗಂತ 'ಕಾಗದದ ಹೂ' ಎಂದರೆ ಬೋಗನ್‌ವಿಲ್ಲಾ ಬಂದು ನಿಲ್ಲುತ್ತದೆ.

ಆದ್ದರಿಂದ ಕೇಳುವುದು: ಬಾಸಿಂಗ ಮಾಡುವವರು ತೆಳ್ಳಗೆ ಹೆರೆದ ಬೆಂಡನ್ನು ಏನೆಂದು ಕರೆಯುತ್ತಾರೆ? ಹಾಳೆ, ಪದರ, ಸಿಪ್ಪೆ, ಬೇರೆ ಏನಾದರೂ? ಸಾಗರ, ಸೊರಬ, ಕುಮಟೆ ಕಡೆಯವರು ಯಾರಾದರೂ ಇದ್ದರೆ ಹೇಳಿ. ಅಲ್ಲಿಯವರೆಗೆ 'ಬೆಂಡುಹಾಳೆ' ಎಂದಿಟ್ಟುಕೊಂಡಿದ್ದೇನೆ.

ಹಾಗೇ ಇನ್ನೊಂದು. ಎಲೆಯನ್ನು ನೀರಲ್ಲಿ ಕೊಳೆಯಿಸಿ, ಹಸಿರನ್ನು ಮೆಲ್ಲಗೆ ಉಜ್ಜಿ ತೆಗೆದು, ನರದ ಬಲೆ ಮಾತ್ರ ಉಳಿಸುತ್ತಾರಲ್ಲ? ಅರಳಿ ಎಲೆಯಲ್ಲಿ ನಾವೂ ಚಿಕ್ಕಂದಿನಲ್ಲಿ ಮಾಡಿದ್ದೆವು. ಪುಸ್ತಕ ಅದನ್ನು ಅಸ್ಥಿಪಂಜರ ಅನ್ನುತ್ತದೆ. ಗಾಜಿನ ಗುಮ್ಮಟದೊಳಗೆ ಅಂದವಾಗಿ ಜೋಡಿಸಿಡುವ ವಸ್ತುವಿಗೆ ಆ ಹೆಸರಿಡಲು ನನ್ನ ಕೈ ಬರುತ್ತಿಲ್ಲ. 'ಜಾಳಿಗೆ ಎಲೆ' ಆಗಬಹುದೇ? ನಿಮ್ಮ ಊರಲ್ಲಿ ಮಕ್ಕಳು ಅದಕ್ಕೆ ಏನನ್ನುತ್ತಿದ್ದರು?